ಮಗಳು ಅದೇ ತಿರುವನ್ನು ಮತ್ತೆ ಮತ್ತೆ ಬಿಡಿಸುತ್ತಾಳೆ, ತಡೆಯಬೇಕಾ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಹನ್ನೊಂದು ತಿಂಗಳ ಹಿಂದೆ ಘಾಟಿ ರಸ್ತೆಯಲ್ಲಿ ನಮ್ಮ ಕಾರು ಅಪಘಾತವಾಯಿತು. ನಮ್ಮ ಯಜಮಾನರು ಅಲ್ಲೇ ತೀರಿಕೊಂಡರು. ಮಗಳಿಗೆ ಕೈ ಮುರಿದದ್ದು ಬಿಟ್ಟರೆ ದೊಡ್ಡ ಪೆಟ್ಟಾಗಲಿಲ್ಲ. ಚಿಕ್ಕಂದಿನಿಂದ ಚೆನ್ನಾಗಿ ಚಿತ್ರ ಬಿಡಿಸುತ್ತಾಳೆ. ಈಗ ಬಿಡಿಸುವುದು ಒಂದೇ ಚಿತ್ರ: ರಸ್ತೆಯ ಒಂದು ತಿರುವು, ತಡೆಗೋಡೆ, ಹಿಂದೆ ಕಪ್ಪು ಕಾಡು. ಕಾರಿಲ್ಲ, ಜನರಿಲ್ಲ. ನಾಲ್ಕು ಪುಸ್ತಕ ತುಂಬಿವೆ. ಅತ್ತೆ "ಅಪಶಕುನ, ಸುಟ್ಟುಹಾಕು" ಅನ್ನುತ್ತಾರೆ. ಡ್ರಾಯಿಂಗ್ ಮೇಷ್ಟ್ರು "ನೋವಿದ್ದರೇ ಕಲೆ ಹುಟ್ಟೋದು, ತಡೀಬೇಡಿ, ಸ್ಪರ್ಧೆಗೆ ಕಳಿಸೋಣ" ಎಂದು ಮುಂಕ್, ಫ್ರೀಡಾ ಕಾಲೋ, ಕೋಲ್ವಿಟ್ಸ್ ಚಿತ್ರಗಳಿರುವ ಪುಸ್ತಕ ಕೊಟ್ಟಿದ್ದಾರೆ. ಪರಿಚಯದವರೊಬ್ಬರು ಚಿತ್ರದ ಫೋಟೋ ನೋಡಿ, "ಮನುಷ್ಯರೇ ಇಲ್ಲ ಅಂದ್ರೆ ಸಾಯೋ ಯೋಚನೆ ಇದೆ ಅಂತ ಅರ್ಥ" ಅಂದರು. ನನ್ನ ಎದೆ ಒಡೆದುಹೋಯಿತು. ಅವಳಿಗೆ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ, ಕಾರು ಹತ್ತುವುದಿಲ್ಲ. "ಹೋಗೋಣ ಅಂತ ಹಠ ಮಾಡಿದ್ದು ನಾನೇ" ಎಂದು ಒಂದೇ ಒಂದು ಸಲ ಹೇಳಿದಳು. ಈ ಚಿತ್ರಗಳಿಂದ ಗಾಯ ಕೆದಕಿದ ಹಾಗೆ ಆಗುತ್ತಾ? ನಾನೂ ಹೇಗೋ ದಿನ ದೂಡುತ್ತಿದ್ದೇನೆ.

ಉತ್ತರ: ನಿಮಗೆ ಮೂರು ಜನ ಮೂರು ಮಾತು ಹೇಳಿದ್ದಾರೆ. ಸುಟ್ಟುಹಾಕಿ ಅಂತ ಒಬ್ಬರು, ತಡೆಯಬೇಡಿ ಅಂತ ಒಬ್ಬರು, ಜೀವಕ್ಕೇ ಅಪಾಯ ಅಂತ ಇನ್ನೊಬ್ಬರು. ನಿಮ್ಮ ಭಯ ನನಗೆ ಅರ್ಥವಾದದ್ದು ಹೀಗೆ: ಈ ಚಿತ್ರಗಳು ಮಗಳನ್ನು ಆ ದಿನಕ್ಕೇ ಕಟ್ಟಿಹಾಕುತ್ತಿವೆಯಾ, ಇಲ್ಲಾ ಅಲ್ಲಿಂದ ಹೊರಗೆ ಬರಲು ಅವಳಿಗೆ ಸಿಕ್ಕಿರುವ ದಾರಿ ಇದೇನಾ? ಎರಡೂ ಆಗಬಹುದು. ಯಾವುದು ಅಂತ ಒಂದು ಚಿತ್ರ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ನಾಲ್ಕೂ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರೆ ಸ್ವಲ್ಪ ಹೇಳಬಹುದು. ಅದಕ್ಕಿಂತ ಜಾಸ್ತಿ ಹೇಳುವುದು ಅವಳ ನಿದ್ದೆ, ಊಟ, ಓಡಾಟ.

ನಿಮ್ಮನ್ನು ಹೆಚ್ಚು ಹೆದರಿಸಿದ ಮಾತನ್ನೇ ಮೊದಲು ನೋಡೋಣ. ಚಿತ್ರದಲ್ಲಿ ಕೈ ಇಲ್ಲದಿದ್ದರೆ ಹೀಗೆ, ಕಪ್ಪು ಬಳಸಿದರೆ ಹಾಗೆ, ಕಣ್ಣು ದೊಡ್ಡದಾದರೆ ಇನ್ನೊಂದು ಅಂತ ಅರ್ಥ ಹೇಳುವ ಪದ್ಧತಿ ಮಾನಸಿಕ ಚಿಕಿತ್ಸೆ ಕೊಡುವ ನಮ್ಮ ವೃತ್ತಿಯಲ್ಲೇ ಬಹಳ ಕಾಲ ಇತ್ತು. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ಇದನ್ನು ಪರೀಕ್ಷೆ ಮಾಡಿದರು. ಮನುಷ್ಯರ ಚಿತ್ರಗಳನ್ನು ತೆಗೆದುಕೊಂಡು, ಪ್ರತಿಯೊಂದರ ಜೊತೆ ಮಾನಸಿಕ ತೊಂದರೆಗಳ ಹೆಸರನ್ನು ಸುಮ್ನೆ ಮನಬಂದಂತೆ ಜೋಡಿಸಿ ವಿದ್ಯಾರ್ಥಿಗಳಿಗೆ ತೋರಿಸಿದರು. ಚಿತ್ರಕ್ಕೂ ತೊಂದರೆಗೂ ಸಂಬಂಧವೇ ಇರಲಿಲ್ಲ. ಆದರೂ ವಿದ್ಯಾರ್ಥಿಗಳು ಸಂಬಂಧ "ಕಂಡರು". ಸಂಶಯದ ಮನುಷ್ಯ ಕಣ್ಣನ್ನು ವಿಚಿತ್ರವಾಗಿ ಬಿಡಿಸುತ್ತಾನೆ ಎಂದರು. ಅನುಭವಿ ತಜ್ಞರು ತಮ್ಮ ರೋಗಿಗಳಲ್ಲಿ ಕಂಡಿದ್ದೇವೆ ಎನ್ನುತ್ತಿದ್ದದ್ದೂ ಅದನ್ನೇ. ಕಣ್ಣಿಗೂ ಸಂಶಯಕ್ಕೂ ನಂಟಿದೆ ಅನ್ನುವುದು ನೋಡುವವರ ತಲೆಯಲ್ಲಿ ಮೊದಲೇ ಇತ್ತು, ಅಷ್ಟೇ.

ಹಾಗಾಗಿ ಚಿತ್ರದಲ್ಲಿ ಜನರಿಲ್ಲ ಎಂಬುದರಿಂದ ಸಾಯುವ ಯೋಚನೆ ಇದೆ ಅಂತ ತೀರ್ಮಾನಿಸಲು ಆಧಾರವಿಲ್ಲ. ಇಲ್ಲ ಅಂತ ತೀರ್ಮಾನಿಸಲೂ ಆಧಾರವಿಲ್ಲ. ತಿಳಿಯಬೇಕಾದರೆ ಅವಳನ್ನೇ ಕೇಳಬೇಕು. ನೇರವಾಗಿ ಕೇಳಿ: "ಬದುಕಿರೋದೇ ಬೇಡ ಅಂತ ನಿನಗೆ ಯಾವತ್ತಾದ್ರೂ ಅನ್ನಿಸುತ್ತಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂದು ತಂದೆತಾಯಿ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ ಮೇಲೆ ಮಕ್ಕಳಿಗೆ ಹಗುರವಾಗುವುದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ಕಪ್ಪು ಬಣ್ಣದ ಮಾತೂ ಅಷ್ಟೇ. ಪೆನ್ಸಿಲ್, ಇದ್ದಿಲು ಹಿಡಿದವರಿಗೆ ಕಪ್ಪೇ ಬಣ್ಣ. ಇದಕ್ಕೆ ಪೂರ್ತಿ ಎದುರಿಗೆ ಸೋಮನಾಥ ಹೋರ್ ಅವರ ಕೆಲಸ ಇದೆ. 1943ರ ಬಂಗಾಳದ ಬರಗಾಲದಲ್ಲಿ ಹಸಿದು ಬಿದ್ದವರನ್ನು ಕಣ್ಣಾರೆ ಕಂಡು ಬಿಡಿಸಿದ ಕಲಾವಿದ ಅವರು. ಸುಮಾರು ಮೂರು ದಶಕದ ನಂತರ, 1970ರ ದಶಕದಲ್ಲಿ, 'ಗಾಯಗಳು' ಎಂಬ ಸರಣಿ ಮಾಡಿದರು. ಅದರಲ್ಲಿ ಹಸಿದ ಮುಖವಿಲ್ಲ, ಎಲುಬಿಲ್ಲ. ಕಾಗದದ ತಿರುಳಿನಿಂದ ಮಾಡಿದ ಬಿಳಿ ಹಾಳೆ, ಅದರ ಮೇಲೆ ಸೀಳು, ಹಳ್ಳ, ಉಬ್ಬು. ಬಿಳಿಯ ಮೇಲೆ ಬಿಳಿ. ಬೆಳಕು ಪಕ್ಕದಿಂದ ಬಿದ್ದಾಗ ಮಾತ್ರ ಸೀಳಿನ ಅಂಚು ಕಾಣುತ್ತದೆ. ಚರ್ಮದ ಮೇಲೆ ಮಾದ ಗಾಯದ ಹಾಗೇ ಇರುತ್ತದೆ. ಬಣ್ಣ ನೋಡಿ ನೋವು ಅಳೆಯುವುದಾದರೆ ಇಲ್ಲಿ ನೋವೇ ಇಲ್ಲ ಎನ್ನಬೇಕಾಗುತ್ತದೆ, ಅಲ್ವಾ?

ಈಗ ನಿಮ್ಮ ಮಗಳ ತಿರುವಿಗೆ ಬರೋಣ. ಕಾರಿಲ್ಲದ, ಅಪ್ಪನಿಲ್ಲದ ಬರೀ ರಸ್ತೆ ಯಾಕೆ?

ಸಾಮಾನ್ಯ ನೆನಪಿಗೆ ಒಂದು ಮೊದಲು, ಒಂದು ಕೊನೆ ಇರುತ್ತದೆ. "ಅವತ್ತು ಹೀಗಾಯ್ತು" ಅಂತ ಹೇಳಿ ಮುಗಿಸಬಹುದು. ಪ್ರಾಣಭಯದ ಹೊತ್ತಿನ ನೆನಪು ಹಾಗೆ ಕೂರುವುದಿಲ್ಲ. ಒಂದು ವಾಸನೆ, ಒಂದು ಸದ್ದು, ಒಂದು ದೃಶ್ಯ ಅಂತ ಚೂರುಚೂರಾಗಿ ಉಳಿಯುತ್ತದೆ. ಕರೆಯದೆ ಬರುತ್ತದೆ. ಬಂದಾಗ ಹಿಂದಿನದು ಅನ್ನಿಸದೆ ಈಗಲೇ ಆಗುತ್ತಿದೆ ಅನ್ನಿಸುತ್ತದೆ. ಆ ಚೂರುಗಳು ಯಾವ ಕ್ಷಣದವು ಎಂದು ಆಂಕೆ ಏಲರ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು 2002ರಲ್ಲಿ ಒಂದು ವಿವರಣೆ ಕೊಟ್ಟರು. ಮತ್ತೆ ಮತ್ತೆ ಕಣ್ಣೆದುರು ಬರುವುದು ಬಹಳ ಸಲ ಅನಾಹುತದ ದೃಶ್ಯವೇ ಅಲ್ಲ, ಅದಕ್ಕೆ ಸ್ವಲ್ಪ ಮುಂಚಿನದು. ಎದುರಿನ ಗಾಡಿಯ ಲೈಟು, ಬಾಗಿಲ ಹೊರಗಿನ ಹೆಜ್ಜೆ ಸದ್ದು. ಅಪಾಯ ಬರುತ್ತಿದೆ ಅಂತ ಸೂಚನೆ ಕೊಟ್ಟ ವಸ್ತುವನ್ನು ಮೆದುಳು ಹಿಡಿದಿಟ್ಟುಕೊಳ್ಳುತ್ತದೆ.

ನಿಮ್ಮ ಮಗಳ ತಿರುವು ಅಂಥದ್ದೇ ಇರಬಹುದು. ಖಚಿತವಾಗಿ ಅವಳೇ ಹೇಳಬೇಕು.

ಮೇಷ್ಟ್ರು ಕೊಟ್ಟ ಪುಸ್ತಕದಲ್ಲಿ ಫ್ರೀಡಾ ಕಾಲೋ ಇದ್ದಾರಲ್ಲ, ಅವರನ್ನು ನೋಡಿ. 1925ರ ಸೆಪ್ಟೆಂಬರಿನಲ್ಲಿ, 18ನೇ ವಯಸ್ಸಿನಲ್ಲಿ, ಮೆಕ್ಸಿಕೋ ನಗರದಲ್ಲಿ ಅವರಿದ್ದ ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೆಯಿತು. ಬೆನ್ನುಮೂಳೆ, ಸೊಂಟ, ಕಾಲು ಎಲ್ಲ ಮುರಿಯಿತು. ಮುಂದೆ ಜೀವನವಿಡೀ ತಮ್ಮ ದೇಹದ ನೋವನ್ನು ಬಿಡಿಸಿದರು. ಆದರೆ ಅಪಘಾತದ ಕ್ಷಣವನ್ನು ನೇರವಾಗಿ ಬಿಡಿಸಿದ್ದು ತೀರಾ ಕಡಿಮೆ. 1926ರ ಒಂದು ಪೆನ್ಸಿಲ್ ಚಿತ್ರವಿದೆ. 1929ರ 'ಬಸ್ಸು' ಎಂಬ ವರ್ಣಚಿತ್ರದಲ್ಲಿ ಜನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ. ಬುಟ್ಟಿ ಹಿಡಿದ ಹೆಂಗಸು, ಕೆಲಸಗಾರ, ಮಗುವಿಗೆ ಹಾಲೂಡಿಸುವ ತಾಯಿ, ಕಿಟಕಿಯಾಚೆ ನೋಡುವ ಹುಡುಗ. ಏನೂ ಆಗಿಲ್ಲ. ಆಮೇಲೆ 1944ರಲ್ಲಿ 'ಮುರಿದ ಕಂಬ': ಬೆನ್ನುಮೂಳೆಯ ಜಾಗದಲ್ಲಿ ಒಡೆದ ಕಲ್ಲಿನ ಕಂಬ, ಮೈತುಂಬಾ ಮೊಳೆ, ಕಣ್ಣಲ್ಲಿ ನೀರು. ಒಂದು ಚಿತ್ರ ಅಪಘಾತದ ಮುಂಚಿನದು, ಇನ್ನೊಂದು ನಂತರದ್ದು.

ಕೇಟೆ ಕೋಲ್ವಿಟ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಮನೆಯ ವಿಷಯಕ್ಕೆ ಅದು ಬಹಳ ಹತ್ತಿರ. ಜರ್ಮನಿಯ ಈ ಕಲಾವಿದೆಯ ಕಿರಿಮಗ ಪೀಟರ್ 1914ರಲ್ಲಿ ಯುದ್ಧಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದ. ವಯಸ್ಸು 18, ಮನೆಯವರ ಒಪ್ಪಿಗೆ ಬೇಕಿತ್ತು. ಅಪ್ಪ ಒಪ್ಪಲಿಲ್ಲ. ಮಗನ ಪರವಾಗಿ ಗಂಡನನ್ನು ಒಪ್ಪಿಸಿದ್ದು ಕೇಟೆ. ಅಕ್ಟೋಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಮಗ ಸತ್ತ. ಅದೇ ವರ್ಷ ಅವನಿಗೊಂದು ಸ್ಮಾರಕ ಮಾಡಬೇಕೆಂದು ಹೊರಟರು. ಮೊದಲ ಯೋಜನೆಯಲ್ಲಿ ಮಗನ ದೇಹ ಮಲಗಿತ್ತು. ತಲೆಯ ಹತ್ತಿರ ಅಪ್ಪ, ಕಾಲ ಹತ್ತಿರ ಅಮ್ಮ. ವರ್ಷಗಟ್ಟಲೆ ಪ್ರಯತ್ನಿಸಿದರೂ ಆಗಲಿಲ್ಲ. 1919ರಲ್ಲಿ ಕೈಬಿಟ್ಟರು. 1920ರ ದಶಕದಲ್ಲಿ ಮತ್ತೆ ಹಿಡಿದರು. ಕೊನೆಗೆ 1932ರಲ್ಲಿ ಬೆಲ್ಜಿಯಂನ ಸ್ಮಶಾನದಲ್ಲಿ ನಿಲ್ಲಿಸಿದ ಕಲ್ಲಿನ ಮೂರ್ತಿಗಳು ಎರಡೇ. ಮಂಡಿಯೂರಿದ ಅಪ್ಪ, ಮಂಡಿಯೂರಿದ ಅಮ್ಮ. ಅಪ್ಪ ಬೆನ್ನು ನೆಟ್ಟಗಿಟ್ಟು, ತನ್ನ ಕೈಗಳಿಂದ ತನ್ನನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ಅಮ್ಮ ಮುಂದಕ್ಕೆ ಬಾಗಿ ಕುಸಿದಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ನಡುವೆ ಜಾಗವಿದೆ. ಮಗ ಎಲ್ಲೂ ಇಲ್ಲ.

ಹದಿನೆಂಟು ವರ್ಷದಲ್ಲಿ ಆ ಕೆಲಸದಿಂದ ಮಗನ ದೇಹವೇ ಹೊರಟುಹೋಯಿತು. ಉಳಿದವರ ದುಃಖ ಉಳಿಯಿತು. ಒಪ್ಪಿಗೆ ಕೊಡಿಸಿದ ತಾಯಿಯ ತಪ್ಪಿನ ಭಾವ ಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಹೊತ್ತುಕೊಂಡೇ ಕೆಲಸ ಮುಂದೆ ಸಾಗಿತು, ಬದಲಾಯಿತು. ಸತ್ತವರನ್ನು ಬಿಡಿಸದೇ ಇರುವುದು ಅವರನ್ನು ಮರೆತದ್ದಲ್ಲ. ನಿಮ್ಮ ಮಗಳ ಖಾಲಿ ರಸ್ತೆಯಲ್ಲೂ ಅಪ್ಪ ಇದ್ದಿರಬಹುದು.

ಇನ್ನು, ಒಂದೇ ಚಿತ್ರ ಮತ್ತೆ ಮತ್ತೆ ಬಿಡಿಸುವುದು. ಇದರಲ್ಲೇ ಎರಡು ಬಗೆ ಇದೆ. ನೀವು ಗಮನ ಕೊಡಬೇಕಾದದ್ದು ಇಲ್ಲಿ.

ನಾರ್ವೆಯ ಎಡ್ವರ್ಡ್ ಮುಂಕ್‌ಗೆ ಐದು ವರ್ಷವಿದ್ದಾಗ ತಾಯಿ ಕ್ಷಯದಿಂದ ಸತ್ತರು. 1877ರಲ್ಲಿ ಅಕ್ಕ ಸೋಫಿ ಅದೇ ಕ್ಷಯಕ್ಕೆ ಬಲಿಯಾದಳು, ಅವಳಿಗೂ 15 ವರ್ಷ. 'ಕಾಯಿಲೆಯ ಹುಡುಗಿ' ಎಂಬ ಚಿತ್ರವನ್ನು ಮುಂಕ್ 1885ರಲ್ಲಿ ಶುರು ಮಾಡಿದರು. ಬಣ್ಣ ಹಚ್ಚುವುದು, ಕೆರೆದು ತೆಗೆಯುವುದು, ಮತ್ತೆ ಹಚ್ಚುವುದು. ಆ ಗೀರುಗಳು ಚಿತ್ರದ ಮೇಲೆ ಇವತ್ತೂ ಕಾಣುತ್ತವೆ. ದಿಂಬಿಗೆ ಒರಗಿದ ಕೆಂಚು ಕೂದಲ ಹುಡುಗಿ, ಪಕ್ಕದಲ್ಲಿ ತಲೆ ತಗ್ಗಿಸಿದ ಹೆಂಗಸು. ಹೆಂಗಸಿನ ಮುಖ ಕಾಣುವುದಿಲ್ಲ. ಇಬ್ಬರ ಕೈ ಸೇರುವ ಜಾಗ ಬರೀ ಬಣ್ಣದ ಮುದ್ದೆ. ಅದೇ ಚಿತ್ರವನ್ನು ಸುಮಾರು 40 ವರ್ಷಗಳಲ್ಲಿ ಆರು ಸಲ ಬಣ್ಣದಲ್ಲಿ ಬಿಡಿಸಿದರು. ಪ್ರತಿ ಸಲವೂ ಬಣ್ಣ, ಬೆಳಕು, ಕುಂಚದ ಓಟ ಬೇರೆ.

ಇನ್ನೊಂದು ಬಗೆಗೆ ಉದಾಹರಣೆ ಕಲೆಯದ್ದಲ್ಲ, ಮಕ್ಕಳ ಆಟದ್ದು. 1976ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿ, ಮಕ್ಕಳನ್ನೂ ಡ್ರೈವರನ್ನೂ ನೆಲದಡಿ ಹೂತಿದ್ದ ಲಾರಿಯ ಡಬ್ಬದೊಳಗೆ ಕೂಡಿಹಾಕಿದ್ದರು. ಎಲ್ಲರೂ ಜೀವಂತ ಹೊರಬಂದರು. ಆ ಮಕ್ಕಳನ್ನು ಮನೋವೈದ್ಯೆ ಲೆನೋರ್ ಟೆರ್ ವರ್ಷಗಳ ಕಾಲ ಗಮನಿಸಿದರು. ಕೆಲವು ಮಕ್ಕಳ ಆಟ ವಿಚಿತ್ರವಾಗಿತ್ತು. ಅದೇ ಆಟ, ಅದೇ ಕ್ರಮ, ಅದೇ ಕೊನೆ. ಆಟದಲ್ಲಿ ಖುಷಿಯಿಲ್ಲ. ಆಡಿದ ಮೇಲೆ ಭಯ ಕಡಿಮೆಯಾಗುವುದಿಲ್ಲ. ಇಂಥ ಪುನರಾವರ್ತನೆ ತಾನಾಗಿ ವಾಸಿಮಾಡುವುದಿಲ್ಲ. ಕೆಲವೊಮ್ಮೆ ಭಯವನ್ನು ಗಟ್ಟಿ ಮಾಡುತ್ತದೆ.

ಹಾಗಾಗಿ ನಾಲ್ಕು ಪುಸ್ತಕಗಳನ್ನು ಕ್ರಮವಾಗಿ ನೋಡಬೇಕು. ಮಗಳ ಒಪ್ಪಿಗೆ ಕೇಳಿಯೇ ನೋಡಿ, ಕದ್ದು ಬೇಡ. ಮೊದಲ ಪುಸ್ತಕಕ್ಕೂ ನಾಲ್ಕನೆಯದಕ್ಕೂ ಏನಾದರೂ ವ್ಯತ್ಯಾಸ ಇದೆಯಾ? ರಸ್ತೆ ನೋಡುವ ಜಾಗ ಬದಲಾಗಿದೆಯಾ, ಬೆಳಕು ಬಂದಿದೆಯಾ, ಅಂಚಿನಲ್ಲಿ ಒಂದು ಗಿಡವಾದರೂ ಹುಟ್ಟಿದೆಯಾ? ಬಿಡಿಸಿ ಎದ್ದ ಮೇಲಿನ ಅರ್ಧ ಗಂಟೆ ಹೇಗಿರುತ್ತಾಳೆ? ಸ್ವಲ್ಪ ಸಮಾಧಾನವಾಗಿ ಊಟಕ್ಕೆ ಬರುತ್ತಾಳಾ, ಇಲ್ಲಾ ಕೈ ತಣ್ಣಗಾಗಿ, ಕರೆದರೂ ಕೇಳದಂತೆ ಕೂರುತ್ತಾಳಾ? ಎರಡನೆಯದಾದರೆ, ಚಿತ್ರವೂ ಗೆರೆಗೆ ಗೆರೆ ಹಾಗೇ ಇದ್ದರೆ, ಅವಳು ಅದರಲ್ಲಿ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಜಾಸ್ತಿ. ಆಗಲೂ ಪುಸ್ತಕ ಕಿತ್ತುಕೊಳ್ಳುವುದು ಪರಿಹಾರವಲ್ಲ. ಚಿತ್ರ ನಿಲ್ಲಬಹುದು, ಕಣ್ಣೆದುರಿನ ದೃಶ್ಯ ನಿಲ್ಲುವುದಿಲ್ಲ.

ಸುಡುವ ಮಾತಂತೂ ಬೇಡವೇ ಬೇಡ. ಅತ್ತೆಯವರೂ ಮಗನನ್ನು ಕಳೆದುಕೊಂಡಿದ್ದಾರೆ. ಮಗ ಹೋದ ರಸ್ತೆಯನ್ನು ಮನೆಯಲ್ಲಿ ದಿನಾ ನೋಡುವುದು ಅವರಿಗೆ ಆಗುತ್ತಿಲ್ಲ. ಪುಸ್ತಕಗಳನ್ನು ಅವರ ಕಣ್ಣಿಗೆ ಬೀಳದ, ಮಗಳಿಗೆ ಮಾತ್ರ ಗೊತ್ತಿರುವ ಕಡೆ ಇಟ್ಟರೆ ಇಬ್ಬರಿಗೂ ಉಪಕಾರ.

ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ "ನೋವಿದ್ದರೇ ಕಲೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾಸಿಯಾದರೆ ಪ್ರತಿಭೆ ಹೋಗುತ್ತದೇನೋ ಎಂಬ ಹೆದರಿಕೆ ಇದರಿಂದ ಮಕ್ಕಳಿಗೆ ಹತ್ತಿಕೊಳ್ಳುತ್ತದೆ. ಮುಂಕ್ 1908ರಲ್ಲಿ ಕುಸಿದುಬಿದ್ದು ಕೋಪನ್‌ಹೇಗನ್‌ನ ಆಸ್ಪತ್ರೆಯೊಂದರಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ತೆಗೆದುಕೊಂಡರು. ಆಮೇಲೆ 1944ರಲ್ಲಿ ತೀರಿಕೊಳ್ಳುವವರೆಗೆ ಚಿತ್ರ ಬಿಡಿಸುತ್ತಲೇ ಇದ್ದರು. ಕೋಲ್ವಿಟ್ಸ್ ಮಗ ಸಾಯುವುದಕ್ಕೆ ಮುಂಚೆಯೇ ದೊಡ್ಡ ಕಲಾವಿದೆ. ನಿಮ್ಮ ಮಗಳೂ ಅಪಘಾತಕ್ಕೆ ಮುಂಚೆಯೇ ಚೆನ್ನಾಗಿ ಬಿಡಿಸುತ್ತಿದ್ದಳು, ನೀವೇ ಬರೆದಿದ್ದೀರಿ.

ಸ್ಪರ್ಧೆಗೆ ಈಗ ಕಳಿಸಬೇಡಿ ಎಂಬುದು ನನ್ನ ಸಲಹೆ. ಬಹುಮಾನ ಬಂದರೆ ಅದೇ ಚಿತ್ರವನ್ನು ಇನ್ನಷ್ಟು ಬಿಡಿಸಬೇಕೆಂಬ ಒತ್ತಡ, ಬರದಿದ್ದರೆ ಅಪ್ಪನ ಸಾವಿಗೇ ಕಡಿಮೆ ಅಂಕ ಬಂದ ಹಾಗೆ. ಮುಂದೆ ಅವಳೇ "ಇದನ್ನು ತೋರಿಸಬೇಕು" ಎಂದರೆ ಆ ಮಾತು ಬೇರೆ. ಪುಸ್ತಕ ಮಾತ್ರ ಇರಲಿ. ತನ್ನಂತೆ ನೊಂದವರು ಹೀಗೆ ಬಿಡಿಸಿದ್ದಾರೆ ಅಂತ ತಿಳಿಯುವುದು 15ರ ಹುಡುಗಿಗೆ ದೊಡ್ಡ ಆಸರೆ. ಜೊತೆಯಲ್ಲಿ ಕೂತು ನೋಡಿ. ರಣರಂಗದ ಕೊಳೆತ ದೇಹಗಳನ್ನು ಬಿಡಿಸಿದ ಒಟ್ಟೋ ಡಿಕ್ಸ್ ಥರದವರ ಚಿತ್ರ ಸದ್ಯಕ್ಕೆ ಬೇಡ. ರಕ್ತ, ಮುರಿದ ದೇಹ ಅವಳ ಒಳಗಿನ ಚಿತ್ರವನ್ನು ಕೆರಳಿಸಬಹುದು.

ನೀವೇನು ಮಾಡಬಹುದು? ಪಕ್ಕದಲ್ಲಿ ಕೂರಿ. "ಇದೇನು? ಅಪ್ಪ ಎಲ್ಲಿ? ಬೇರೆ ಏನಾದ್ರೂ ಬಿಡಿಸು" ಅನ್ನಬೇಡಿ. "ಈ ಕಡೆ ಇದ್ದಿಲು ಗಟ್ಟಿಯಾಗಿ ಒತ್ತಿದ್ದೀಯ" ಅಂತ ಕಂಡದ್ದನ್ನು ಹೇಳಿ ಸುಮ್ಮನಾಗಿ. ಮಾತಾಡಬೇಕು ಅನ್ನಿಸಿದರೆ ಅವಳೇ ಮಾತಾಡುತ್ತಾಳೆ. ಮನೆಯಲ್ಲಿ ಜೇಡಿಮಣ್ಣು, ಬಣ್ಣದ ಕಾಗದ, ಜಲವರ್ಣ ಇಡಿ. ಒತ್ತಾಯ ಬೇಡ. ಚೆಕ್ ದೇಶದ ತೆರೆಜಿನ್‌ನಲ್ಲಿ ನಾಜಿಗಳ ಬಂದಿಯಾಗಿದ್ದ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅಲ್ಲಿನ ಮಕ್ಕಳಿಗೆ ಚಿತ್ರ ಕಲಿಸಿದರು. ಕಂಡ ಭೀಕರತೆಯನ್ನೇ ಬಿಡಿಸಿ ಎಂದು ಒತ್ತಾಯಿಸಲಿಲ್ಲ. ಗೆರೆಯ ಲಯ, ಕಾಗದ ಹರಿದು ಅಂಟಿಸುವುದು, ಎದುರಿಗಿರುವ ವಸ್ತುವನ್ನು ನೋಡಿ ಬಿಡಿಸುವುದು ಕಲಿಸಿದರು. 1944ರಲ್ಲಿ ಅವರನ್ನು ಆಶ್ವಿಟ್ಸ್‌ಗೆ ಸಾಗಿಸಿ ಕೊಂದರು. ಮಕ್ಕಳ ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸಿನಲ್ಲಿ ಉಳಿದವು. ಅವುಗಳಲ್ಲಿ ಹೂವು, ಮನೆ, ಕಿಟಕಿ ಎಲ್ಲ ಇವೆ. ಬಿಡಿಸಿದ ಮಕ್ಕಳಲ್ಲಿ ಬಹುಪಾಲು ಬದುಕಲಿಲ್ಲ. ಫ್ರೀಡ್ಲ್ ಅವರಿಂದ ಪ್ರಾಗ್‌ನಲ್ಲಿ ಕಲಿತ ಈಡಿತ್ ಕ್ರೇಮರ್ ಮುಂದೆ ಅಮೆರಿಕದಲ್ಲಿ ಮಕ್ಕಳ ಆರ್ಟ್ ಥೆರಪಿಗೆ, ಅಂದರೆ ಕಲೆಯ ಮೂಲಕ ಕೊಡುವ ಚಿಕಿತ್ಸೆಗೆ, ಬುನಾದಿ ಹಾಕಿದವರಲ್ಲಿ ಒಬ್ಬರಾದರು.

ಇಷ್ಟಾದರೂ, ಚಿತ್ರ ಒಂದೇ ಚಿಕಿತ್ಸೆ ಅಂತ ನಂಬಿ ಕೂರಬೇಡಿ. ಹನ್ನೊಂದು ತಿಂಗಳಾದರೂ ನಿದ್ದೆಯಿಲ್ಲ, ಕಾರು ಹತ್ತುವುದಿಲ್ಲ, ತಪ್ಪಿನ ಭಾರ ಹೊತ್ತಿದ್ದಾಳೆ. ಇಂಥ ಲಕ್ಷಣ ಒಂದು ತಿಂಗಳು ದಾಟಿದರೇ ನಾವು ಪಿಟಿಎಸ್‌ಡಿ (ಭೀಕರ ಘಟನೆಯ ನಂತರ ಉಳಿಯುವ ಮಾನಸಿಕ ತೊಂದರೆ) ಇರಬಹುದಾ ಅಂತ ಪರೀಕ್ಷೆ ಮಾಡುತ್ತೇವೆ. ತಾನಾಗಿ ಸರಿಹೋಗಲಿ ಎಂದು ಕಾಯುವ ಕಾಲ ಮುಗಿದಿದೆ.

ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಮಕ್ಕಳ ಪಿಟಿಎಸ್‌ಡಿಗೆ ಹೇಳಿರುವುದು ಎರಡು ಮಾತಿನ ಚಿಕಿತ್ಸೆ: ಟ್ರಾಮಾ ಫೋಕಸ್ಡ್ ಸಿಬಿಟಿ (ಆಘಾತದ ಸುತ್ತಲಿನ ಯೋಚನೆ, ನಡವಳಿಕೆಯನ್ನು ಬದಲಿಸುವ ಚಿಕಿತ್ಸೆ) ಮತ್ತು ಇಎಂಡಿಆರ್ (ಆ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ). ಮೊದಲನೆಯದು ನಿಮ್ಮ ಮಗಳಿಗೆ ಹೆಚ್ಚು ಹೊಂದಬಹುದು. ಭಯ ಬಂದಾಗ ಮೈಯನ್ನು ಸಮಾಧಾನ ಮಾಡಿಕೊಳ್ಳುವುದನ್ನು ಮೊದಲು ಕಲಿಸುತ್ತಾರೆ. ಆಮೇಲೆ ನಿಧಾನವಾಗಿ ಆ ದಿನದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕಟ್ಟುತ್ತಾರೆ. ಅದನ್ನು ಚಿತ್ರದಲ್ಲೂ ಕಟ್ಟಬಹುದು. ಅಂದರೆ ತಿರುವಿನ ಆಚೆಗೂ ಹಾಳೆಗಳು ಬರುತ್ತವೆ: ಆಂಬುಲೆನ್ಸ್, ಆಸ್ಪತ್ರೆ, ಮನೆಗೆ ಬಂದದ್ದು, ಇವತ್ತು. ಇದರ ಅಪಾಯವನ್ನೂ ಹೇಳಬೇಕು. ನಡುವಿನ ಕೆಲವು ವಾರ ಕನಸು, ಸಿಟ್ಟು ಹೆಚ್ಚಾಗಬಹುದು. ಅಲ್ಲಿಗೇ ಬಿಟ್ಟುಬಿಟ್ಟರೆ ಅರ್ಧ ತೆರೆದ ಕಥೆ ಉಳಿಯುತ್ತದೆ.

ಆರ್ಟ್ ಥೆರಪಿಯಿಂದ ಬಾಯಿ ಬಿಡದ ಮಕ್ಕಳು ಮಾತಿಗೆ ಬರುತ್ತಾರೆ. ಆದರೆ ಅದರ ಬಗ್ಗೆ ಗಟ್ಟಿ ಅಧ್ಯಯನಗಳು ಈ ಎರಡಕ್ಕಿಂತ ಕಡಿಮೆ. ಜೊತೆಗಿರಲಿ, ಬದಲಿಗೆ ಬೇಡ. ಹೋದ ಕಡೆ ಎಲ್ಲಿ, ಎಷ್ಟು ಕಾಲ ತರಬೇತಿ ಆಗಿದೆ ಅಂತ ಕೇಳಿ. ಮೊದಲ ದಿನವೇ ಚಿತ್ರ ನೋಡಿ ಭವಿಷ್ಯ ಹೇಳುವವರ ಹತ್ತಿರ ಎರಡನೇ ದಿನ ಹೋಗಬೇಡಿ. ಮಾತ್ರೆ? ಮಕ್ಕಳ ಪಿಟಿಎಸ್‌ಡಿಗೆ ಖಿನ್ನತೆಯ ಮಾತ್ರೆ ಕೊಡಬಾರದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಬೇರೆ ತೊಂದರೆ ಇದ್ದರೆ ಮನೋವೈದ್ಯರು ನೋಡಿ ತೀರ್ಮಾನಿಸುತ್ತಾರೆ.

"ಹಠ ಮಾಡಿದ್ದು ನಾನೇ" ಎಂದಾಗ ತಕ್ಷಣ "ಛೇ, ಹಾಗನ್ನಬೇಡ" ಅಂತ ಬಾಯಿ ಮುಚ್ಚಿಸಬೇಡಿ. ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ಮಗು ಮತ್ತೆ ಆ ಮಾತೆತ್ತುವುದಿಲ್ಲ. "ಹಾಗನ್ನಿಸುತ್ತಾ? ಎಷ್ಟು ದಿನದಿಂದ ಅನ್ನಿಸ್ತಿದೆ?" ಅಂತ ಕೇಳಿ. ಪೂರ್ತಿ ಕೇಳಿಸಿಕೊಂಡ ಮೇಲೆ, ಪ್ರವಾಸಕ್ಕೆ ಹೋಗೋಣ ಅನ್ನುವುದಕ್ಕೂ ಅಪಘಾತಕ್ಕೂ ಇರುವ ವ್ಯತ್ಯಾಸ ಹೇಳಿ. ಒಂದು ಸಲ ಹೇಳಿದರೆ ಸಾಲುವುದಿಲ್ಲ.

ಸಾಯುವ ಮಾತಾಡಿದರೆ, ಕೈ ಕುಯ್ದುಕೊಂಡರೆ, ತನ್ನ ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ಊಟ ಬಿಟ್ಟರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹತ್ತಿರದಲ್ಲಿ ಯಾರಿದ್ದಾರೆ ಎಂದೂ ಅವರನ್ನು ಕೇಳಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವೇ ಇದೆ. ಕಾರು ಹತ್ತದಿದ್ದರೆ ರೈಲಿನಲ್ಲಿ ಬನ್ನಿ. ಮೊದಲ ದಿನವೇ ಆ ಭಯ ಗೆಲ್ಲಬೇಕೆಂದೇನಿಲ್ಲ.

ನಿಮ್ಮ ಬಗ್ಗೆ ನೀವು ಬರೆದದ್ದು ಒಂದೇ ಸಾಲು. ನೀವೂ ಗಂಡನನ್ನು ಕಳೆದುಕೊಂಡಿರಿ. ಮಗಳ ಹೆಸರು ಬರೆಸುವಾಗ ನಿಮ್ಮ ಹೆಸರನ್ನೂ ಬರೆಸಿ, ಬೇರೆ ಸಮಯ, ಬೇರೆ ವೈದ್ಯರು. ಮಕ್ಕಳ ಚಿಕಿತ್ಸೆಯಲ್ಲಿ ತಂದೆತಾಯಿಗೂ ಪಾಲಿರುತ್ತದೆ, ಕಥೆ ಕಟ್ಟಿ ಮುಗಿದ ಮೇಲೆ ಅವಳು ಅದನ್ನು ನಿಮ್ಮೆದುರಿಗೇ ಓದುತ್ತಾಳೆ, ಇಲ್ಲವೇ ತೋರಿಸುತ್ತಾಳೆ. ಅಷ್ಟರೊಳಗೆ ನಿಮಗೂ ಆ ದಿನದ ಬಗ್ಗೆ ಯಾರ ಹತ್ತಿರವಾದರೂ ಮಾತಾಡಿ ಆಗಿರಬೇಕು.